ಹೋಟೆಲಿನ ಬಿಲ್ಲಿಂಗ್ ಮಷಿನ್‌ಗೆ ಡಿನಿಟ್: ಬಳಸಿ ನೋಡಿ ಬರೆದದ್ದು

ಮಾಟುಂಗಾ, ಸಾಯನ್, ಚೆಂಬೂರು ಕಡೆ ನಮ್ಮವರ ಉಡುಪಿ ಹೋಟೆಲ್‌ಗಳಿಗೆ ಬಿಲ್ಲಿಂಗ್ ಕಂಪ್ಯೂಟರ್ ಕೂರಿಸಿ ನೋಡಿಕೊಳ್ಳುವುದು ನನ್ನ ಕೆಲಸ. ಇದರಲ್ಲಿ ದೊಡ್ಡ ಕಷ್ಟ ಒಂದೇ. ಮಷಿನ್ ನಿಲ್ಲಿಸಲು ಹೊತ್ತೇ ಸಿಗುವುದಿಲ್ಲ. ಬೆಳಿಗ್ಗೆ ಇಡ್ಲಿ-ವಡೆ ಗಿರಾಕಿ, ಮಧ್ಯಾಹ್ನ ಊಟ, ಸಂಜೆ ಪಾವ್‌ಭಾಜಿ, ರಾತ್ರಿ ಪಾರ್ಸೆಲ್. ಶಟರ್ ಎಳೆದ ಮೇಲೆ ಮಾಡೋಣ ಅಂದರೆ ಡೊಂಬಿವ್ಲಿಗೆ ಹೋಗುವ ಕೊನೆಯ ಲೋಕಲ್ ತಪ್ಪುತ್ತದೆ. ಹಾಗಾಗಿ ಏನೇ ತಿದ್ದುವುದಿದ್ದರೂ ಮಷಿನ್ ಓಡುತ್ತಿರುವಾಗಲೇ ತಿದ್ದಬೇಕು. ಮಷಿನ್‌ನ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ನೋಡಿಕೊಳ್ಳುವ ಡಿನಿಟ್ ನನಗೆ ಇಷ್ಟವಾದದ್ದು ಈ ಒಂದು ವಿಷಯಕ್ಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್ ಮಷಿನ್ ಆನ್ ಆದಾಗ ಅದರ ತಿರುಳಾದ ಕರ್ನಲ್ ಮೊಟ್ಟಮೊದಲು ಎಬ್ಬಿಸುವ ಪ್ರೋಗ್ರಾಂ ಇನಿಟ್. ಅದರ ಪ್ರೋಸೆಸ್ ನಂಬರ್ 1. ಉಳಿದ ಸರ್ವಿಸ್‌ಗಳನ್ನು ಶುರು ಮಾಡುವುದು, ಸತ್ತರೆ ಮತ್ತೆ ಎಬ್ಬಿಸುವುದು, ಕೊನೆಗೆ ಕ್ರಮವಾಗಿ ನಿಲ್ಲಿಸುವುದು ಎಲ್ಲ ಅದರ ಕೆಲಸ. ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಈ ಜಾಗದಲ್ಲಿ ಇರುವುದು ಸಿಸ್ಟಂ-ಡಿ. ಅದು ಶುರುವಾದದ್ದು 2010ರಲ್ಲಿ, ಡೆಬಿಯನ್‌ನಲ್ಲಿ ಕಾಯಂ ಆದದ್ದು 2015ರ 8ನೇ ಆವೃತ್ತಿಯಿಂದ. ಡಿನಿಟ್ ಕೂಡ ಇಂಥದ್ದೇ ಒಂದು ಇನಿಟ್, ಸಿಸ್ಟಂ-ಡಿಗಿಂತ ತುಂಬಾ ಚಿಕ್ಕದು. ಡೇವಿನ್ ಮೆಕಾಲ್ ಅವರು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಅಪಾಚೆ ಲೈಸೆನ್ಸಿನಲ್ಲಿ ಯಾರು ಬೇಕಾದರೂ ಬಳಸಬಹುದು. ಕಿಮೇರಾ ಲಿನಕ್ಸ್ ಇದನ್ನೇ ಇನಿಟ್ ಆಗಿ ಇಟ್ಟುಕೊಂಡಿದೆ. ಆರ್ಟಿಕ್ಸ್ ಲಿನಕ್ಸ್‌ನಲ್ಲಿ ಓಪನ್‌ಆರ್‌ಸಿ, ರನಿಟ್, ಎಸ್6, ಡಿನಿಟ್, ಈ ನಾಲ್ಕು ಇನಿಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ನಾನು ಹಾಕಿದ್ದು ಆರ್ಟಿಕ್ಸ್. ಕಿಮೇರಾ ನನಗೆ ಇಷ್ಟ, ಆದರೆ ಅದು ಮಸಲ್ ಎಂಬ ಸಿ ಲೈಬ್ರರಿಯ (ಪ್ರೋಗ್ರಾಂಗಳು ಓಡಲು ಬೇಕಾದ ಮೂಲ ಕೋಡ್) ಮೇಲೆ ಕಟ್ಟಿದ್ದು. ಹೋಟೆಲ್ ಬಿಲ್ಲಿಂಗ್ ಪ್ರೋಗ್ರಾಂ ಕೊಡುವವರು ಕಂಪೈಲ್ ಮಾಡಿದ ಫೈಲನ್ನಷ್ಟೇ ಕೊಡುತ್ತಾರೆ, ಅದು ಜಿಲಿಬ್‌ಸಿ ಎಂಬ ಬೇರೆ ಸಿ ಲೈಬ್ರರಿ ಇಲ್ಲದೆ ಓಡುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಮಾಟುಂಗಾದ ಒಂದು ಹೋಟೆಲಿನ ಮಷಿನ್ ಹೀಗಿದೆ. ತಳದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಮೇಲೆ 'ಬಿಲ್' ಸರ್ವಿಸ್. ಬಿಲ್ ಮೇಲೆ ಎರಡು ಕೆಓಟಿ (ಅಡಿಗೆಮನೆಗೆ ಹೋಗುವ ಆರ್ಡರ್ ಚೀಟಿ) ಸರ್ವಿಸ್, ಒಂದು ದೋಸೆ ಕಾವಲಿಯ ಹತ್ತಿರದ ಪ್ರಿಂಟರಿಗೆ, ಇನ್ನೊಂದು ಚೈನೀಸ್ ಕೌಂಟರಿನ ಪ್ರಿಂಟರಿಗೆ. ಒಂದೊಂದು ಸರ್ವಿಸಿಗೂ ಇಟಿಸಿ ಅಡಿಯ ಡಿನಿಟ್.ಡಿ ಫೋಲ್ಡರಿನಲ್ಲಿ ಒಂದೊಂದು ಚಿಕ್ಕ ಫೈಲ್. ಐದಾರು ಸಾಲು ಅಷ್ಟೇ. ಟೈಪ್ ಯಾವುದು, ಕಮಾಂಡ್ ಯಾವುದು, ಸತ್ತರೆ ಎಬ್ಬಿಸಬೇಕಾ, ಲಾಗ್ ಎಲ್ಲಿಗೆ, 'ಡಿಪೆಂಡ್ಸ್-ಆನ್' ಯಾವುದರ ಮೇಲೆ. ಡಿಪೆಂಡ್ಸ್-ಆನ್ ಅಂದರೆ ಗಟ್ಟಿ ಅವಲಂಬನೆ: ಕೆಳಗಿನದು ನಿಂತರೆ ಮೇಲಿನದೂ ನಿಲ್ಲುತ್ತದೆ. 'ವೇಟ್ಸ್-ಫಾರ್' ಮೆತ್ತಗಿನದು. ಕೆಳಗಿನದು ಏಳುವವರೆಗೆ ಕಾಯುತ್ತದೆ, ಅದು ಏಳದಿದ್ದರೂ ಇದು ಏಳುತ್ತದೆ.

ಈಗ ಆ ಮಧ್ಯಾಹ್ನದ ವಿಷಯ. ಊಟದ ಹೊತ್ತಿಗೆ ಸರಿಯಾಗಿ ಚೈನೀಸ್ ಕೌಂಟರಿನ ಯುಎಸ್‌ಬಿ ಪ್ರಿಂಟರ್ ಕೈಕೊಟ್ಟಿತು. ವೇಟರ್ ಹುಡುಗರು ಚೀಟಿ ಬರೆದುಕೊಂಡು ಓಡಾಡುತ್ತಿದ್ದರು. ನನ್ನ ಬ್ಯಾಗಲ್ಲಿ ಒಂದು ಲ್ಯಾನ್ ಪ್ರಿಂಟರ್ ಇತ್ತು. ಈ ಥರ್ಮಲ್ ಪ್ರಿಂಟರ್‌ಗಳು ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ ಕಾಯುತ್ತಿರುತ್ತವೆ. ವಿಳಾಸ ಕೊಟ್ಟು ಅದಕ್ಕೆ ಕಳಿಸಿದರೆ ಪ್ರಿಂಟ್ ಬರುತ್ತದೆ. ಅಂದರೆ ಕೆಓಟಿ-ಚೈನೀಸ್ ಫೈಲಿನ ಕಮಾಂಡ್ ಸಾಲು ಬದಲಾಗಬೇಕು. ಕ್ಯಾಶಿನಲ್ಲಿ ಕೂತಿದ್ದ ಶೆಟ್ರು ಕೇಳಿದ್ದು ಒಂದೇ ಪ್ರಶ್ನೆ.

"ಬಿಲ್ಲು ನಿಲ್ತದಾ ಮಾರಾಯ?"

"ಇಲ್ಲ ಶೆಟ್ರೇ, ನೀವು ಬಿಲ್ ಮಾಡ್ತಾ ಇರಿ."

ಫೈಲ್ ತಿದ್ದಿದೆ. ಮೊದಲು ಡಿನಿಟ್‌ಚೆಕ್ ಓಡಿಸಿದೆ. ಫೈಲಿನಲ್ಲಿ ಅಕ್ಷರ ತಪ್ಪಿದ್ದರೆ, ಇಲ್ಲದ ಸರ್ವಿಸಿನ ಹೆಸರು ಬರೆದಿದ್ದರೆ, ಅವಲಂಬನೆ ಸುತ್ತಿಕೊಂಡಿದ್ದರೆ ಇದು ಮೊದಲೇ ಹೇಳುತ್ತದೆ. ಓಡುತ್ತಿರುವ ಯಾವುದನ್ನೂ ಮುಟ್ಟುವುದಿಲ್ಲ. ಆಮೇಲೆ, ಡಿನಿಟ್‌ಗೆ ಆಜ್ಞೆ ಕೊಡುವ ಡಿನಿಟ್‌ಸಿಟಿಎಲ್‌ನಿಂದ 'ಡಿನಿಟ್‌ಸಿಟಿಎಲ್ ರೀಲೋಡ್ ಕೆಓಟಿ-ಚೈನೀಸ್', ಅದರ ಹಿಂದೆಯೇ 'ಡಿನಿಟ್‌ಸಿಟಿಎಲ್ ರೀಸ್ಟಾರ್ಟ್ ಕೆಓಟಿ-ಚೈನೀಸ್'. ಎರಡೂ ಬೇಕು. ರೀಲೋಡ್ ಮಾಡಿದರೆ ಹೊಸ ವಿವರಣೆ ಡಿನಿಟ್‌ನ ತಲೆಗೆ ಹೋಗುತ್ತದೆ, ಆದರೆ ಹೊಸ ಕಮಾಂಡ್ ಓಡಲು ಆ ಸರ್ವಿಸ್ ಒಮ್ಮೆ ನಿಂತು ಏಳಬೇಕು. ಆಮೇಲೆ 'ಡಿನಿಟ್‌ಸಿಟಿಎಲ್ ಲಿಸ್ಟ್' ಕೊಟ್ಟೆ. ಡಿನಿಟ್‌ನ ಈ ಪಟ್ಟಿ ನನಗೆ ತುಂಬಾ ಇಷ್ಟ. ಓಡುತ್ತಿರುವುದಕ್ಕೆ ಎಡಗಡೆ ಕೂಡುವ ಗುರುತು, ನಿಂತಿರುವುದಕ್ಕೆ ಬಲಗಡೆ ಕಳೆಯುವ ಗುರುತು, ನಡುವೆ ಏಳುತ್ತಲೋ ನಿಲ್ಲುತ್ತಲೋ ಇದ್ದರೆ ಬಾಣ, ಫೇಲ್ ಆಗಿದ್ದರೆ ಇಂಟು ಮಾರ್ಕ್. ನಾವೇ ಹೆಸರು ಹೇಳಿ ಎಬ್ಬಿಸಿದ್ದರೆ ಗುರುತಿನ ಸುತ್ತ ಚೌಕ ಬ್ರಾಕೆಟ್, ಬೇರೆ ಯಾವುದೋ ಸರ್ವಿಸಿಗೆ ಬೇಕು ಅಂತ ಎದ್ದಿದ್ದರೆ ಹೂ ಬ್ರಾಕೆಟ್. ಪಕ್ಕದಲ್ಲಿ ಪ್ರೋಸೆಸ್ ನಂಬರ್. ಬಿಲ್‌ನ ನಂಬರ್ ಹಳೆಯದೇ ಇತ್ತು, ದೋಸೆ ಕೆಓಟಿಯದೂ ಹಳೆಯದೇ. ಬದಲಾದದ್ದು ಚೈನೀಸ್‌ನದು ಮಾತ್ರ. ಹೊಸ ಪ್ರಿಂಟರ್ ಟಕಟಕ ಅಂತ ಬಾಕಿ ಇದ್ದ ಮಂಚೂರಿಯನ್, ಹಕ್ಕಾ ನೂಡಲ್ಸ್ ಎಲ್ಲ ಉಗುಳಿತು. ಶೆಟ್ರು ತಲೆ ಎತ್ತಿ ನೋಡಲೂ ಇಲ್ಲ. ಅದೇ ನನಗೆ ಬೇಕಾದದ್ದು.

ಇದು ಸುಲಭದ ಪ್ರಸಂಗ, ಯಾಕೆಂದರೆ ಕೆಓಟಿ ಮೇಲೆ ಬೇರೆ ಯಾವುದೂ ನಿಂತಿಲ್ಲ. ನಡುವಿನ ಸರ್ವಿಸನ್ನು ತಿದ್ದುವಾಗ ಡಿನಿಟ್‌ನ ಬೆಲೆ ಸರಿಯಾಗಿ ಗೊತ್ತಾಗುತ್ತದೆ. ರಾತ್ರಿ ಮಷಿನ್ ಬಂದ್ ಮಾಡುವಾಗ ಬಿಲ್ ಪ್ರೋಗ್ರಾಂ ಆ ದಿನದ ಒಟ್ಟು ಲೆಕ್ಕ ಬರೆದು ಮುಗಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಸಿಸ್ಟಂ-ಡಿ ಒಂದು ಸರ್ವಿಸ್ ನಿಲ್ಲಲು ಮಾಮೂಲಾಗಿ 90 ಸೆಕೆಂಡ್ ಕಾಯುತ್ತದೆ. ಡಿನಿಟ್ ಕಾಯುವುದು 10 ಸೆಕೆಂಡ್ ಮಾತ್ರ, ಆಮೇಲೆ ಬಲವಂತವಾಗಿ ಕೊಂದುಬಿಡುತ್ತದೆ. ಅಲ್ಲಿಂದ ಇಲ್ಲಿಗೆ ಬರುವವರು ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಬಿಲ್ ಫೈಲಿನಲ್ಲಿ 'ಸ್ಟಾಪ್-ಟೈಮ್‌ಔಟ್' ಸಾಲು ಸೇರಿಸಿ 60 ಅಂತ ಬರೆದೆ, ರೀಲೋಡ್ ಕೊಟ್ಟೆ. ಬಿಲ್ ಓಡುತ್ತಲೇ ಇತ್ತು. ಅದರ ಮೇಲೆ ನಿಂತ ಎರಡು ಕೆಓಟಿಗಳೂ ಓಡುತ್ತಲೇ ಇದ್ದವು. ಒಂದು ಸರ್ವಿಸನ್ನು ಇಳಿಸಿ ಮತ್ತೆ ಹತ್ತಿಸಿದ ಹಾಗೆಯೇ ಪರಿಣಾಮ, ಆದರೆ ಅದನ್ನು ನೆಚ್ಚಿಕೊಂಡವರಿಗೆ ಏನೂ ಆಗುವುದಿಲ್ಲ. ಮ್ಯಾನುಯಲ್‌ನಲ್ಲಿ ಹೀಗೇ ಆಗುತ್ತದೆ ಎಂದು ಬರೆದಿದ್ದಾರೆ, ಹಾಗೆಯೇ ಆಗುತ್ತದೆ.

ಸಿಸ್ಟಂ-ಡಿಗೂ ನ್ಯಾಯ ಹೇಳಬೇಕು. ಅಲ್ಲಿನ 'ಡೀಮನ್-ರೀಲೋಡ್' ಕೂಡ ಓಡುವ ಸರ್ವಿಸ್‌ಗಳನ್ನು ನಿಲ್ಲಿಸುವುದಿಲ್ಲ. ಫೈಲ್ ತಿದ್ದಿ ರೀಲೋಡ್ ಮಾಡದೆ ಬಿಟ್ಟರೆ ಸ್ಟೇಟಸ್‌ನಲ್ಲಿ ಎಚ್ಚರಿಕೆ ಕೊಡುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಅದು, ನಾನು ಬೇಕಾದಷ್ಟು ಕಡೆ ಬಳಸಿದ್ದೇನೆ. ತೊಂದರೆ ಏನೆಂದರೆ ಡೀಮನ್-ರೀಲೋಡ್ ಒಂದೇ ಫೈಲನ್ನು ಓದುವುದಿಲ್ಲ, ಎಲ್ಲವನ್ನೂ ಓದುತ್ತದೆ. ಇಡೀ ಅವಲಂಬನೆಯ ಮರವನ್ನೇ ಹೊಸದಾಗಿ ಕಟ್ಟುತ್ತದೆ. ಹೋಟೆಲ್ ಮಷಿನ್‌ಗೆ ಕೈ ಹಾಕುವವನು ನಾನೊಬ್ಬನೇ ಅಲ್ವಲ್ಲ. ಬಿಲ್ಲಿಂಗ್ ಪ್ರೋಗ್ರಾಂ ಕಂಪನಿಯ ಹುಡುಗ ದೂರದಿಂದ ಬಂದು ಒಂದು ಫೈಲನ್ನು ಅರ್ಧ ತಿದ್ದಿ, ಫೋನ್ ಬಂತು ಅಂತ ಎದ್ದು ಹೋಗಿರುತ್ತಾನೆ. ನಾನು ಪ್ರಿಂಟರಿನ ಸಾಲಿಗೆ ಅಂತ ಡೀಮನ್-ರೀಲೋಡ್ ಕೊಟ್ಟರೆ ಅವನ ಅರ್ಧ ಫೈಲೂ ಒಳಗೆ ಬಂದು ಕೂರುತ್ತದೆ. ಡಿನಿಟ್‌ನಲ್ಲಿ ನಾನು ಹೆಸರು ಹೇಳಿದ ಸರ್ವಿಸ್ ಮಾತ್ರ ಬದಲಾಗುತ್ತದೆ. ಅವನ ಫೈಲ್ ಅವನು ಬಂದು ರೀಲೋಡ್ ಮಾಡುವವರೆಗೆ ಡಿಸ್ಕಿನಲ್ಲೇ ಬಿದ್ದಿರುತ್ತದೆ.

ಇನ್ನೊಂದು ಗುಣ, ಡಿನಿಟ್ ಆಗುವುದಿಲ್ಲ ಅನ್ನಬೇಕಾದಲ್ಲಿ ಆಗುವುದಿಲ್ಲ ಅನ್ನುತ್ತದೆ. ಈ ಮಿನಿ ಪಿಸಿಗಳ ಒಳಗಿನ ಗುಂಡಿ ಬ್ಯಾಟರಿ ಸತ್ತರೆ ಆನ್ ಆದಾಗ ತಾರೀಕು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ನೆಟ್‌ನಿಂದ ಸಮಯ ಸರಿ ಮಾಡಿಕೊಳ್ಳುವ ಮೊದಲೇ ಬಿಲ್ ಎದ್ದರೆ ಜಿಎಸ್‌ಟಿ ಬಿಲ್ಲಿನ ಮೇಲೆ ತಪ್ಪು ತಾರೀಕು. ಅದಕ್ಕೆ 'ಗಡಿಯಾರ' ಅಂತ ಒಂದು ಸ್ಕ್ರಿಪ್ಟೆಡ್ ಸರ್ವಿಸ್ (ಒಮ್ಮೆ ಓಡಿ ಮುಗಿಯುವ ಸ್ಕ್ರಿಪ್ಟ್) ಬರೆದು, ಬಿಲ್ ಅದರ ಮೇಲೆ ಡಿಪೆಂಡ್ಸ್-ಆನ್ ಅಂತ ಸೇರಿಸಿದೆ. ನೆಟ್ ಇಲ್ಲದ ದಿನ ಬಿಲ್ಲೇ ಏಳುವುದಿಲ್ಲ ಅಂತ ಶೆಟ್ರಿಗೆ ಹೇಳಿದ್ದೆ. "ತಪ್ಪು ತಾರೀಕಿನ ಬಿಲ್ಲು ಕೊಡೋದಕ್ಕಿಂತ ಬುಕ್ಕಲ್ಲಿ ಕೈಯಲ್ಲೇ ಬರೀತೇವೆ" ಅಂದರು. ಸರಿ. ರೀಲೋಡ್ ಕೊಟ್ಟರೆ ಡಿನಿಟ್ ಒಪ್ಪಲಿಲ್ಲ. ಓಡುತ್ತಿರುವ ಸರ್ವಿಸಿಗೆ, ಇನ್ನೂ ಏಳದ ಸರ್ವಿಸನ್ನು ಗಟ್ಟಿ ಅವಲಂಬನೆಯಾಗಿ ಸೇರಿಸಲು ಅದು ಬಿಡುವುದಿಲ್ಲ. ಯೋಚಿಸಿದರೆ ಸರಿಯೇ. ಬಿಲ್ ಓಡಲು ಗಡಿಯಾರ ಬೇಕೇ ಬೇಕು ಅನ್ನುತ್ತಿದ್ದೇವೆ, ಗಡಿಯಾರ ನಿಂತಿದೆ, ಬಿಲ್ ಓಡುತ್ತಿದೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಮೊದಲು ಗಡಿಯಾರವನ್ನು ಸ್ಟಾರ್ಟ್ ಮಾಡಿ, ಆಮೇಲೆ ರೀಲೋಡ್ ಕೊಟ್ಟೆ. ಹೋಯಿತು. ಇದೇ ರೀತಿ ಓಡುವಾಗ ಸರ್ವಿಸಿನ ಟೈಪ್ ಬದಲಾಯಿಸಲೂ ಬಿಡುವುದಿಲ್ಲ. ಅದಕ್ಕೆ ನಿಲ್ಲಿಸಲೇಬೇಕು.

ಇನ್ನು ತೆಗೆದುಹಾಕುವ ವಿಷಯ. ಪಾರ್ಸೆಲ್ ಕೌಂಟರಿನಲ್ಲಿ ಟೋಕನ್ ನಂಬರ್ ತೋರಿಸುವ ಟಿವಿ ಒಂದಿತ್ತು. ಜಾಗ ಸಾಲದು ಅಂತ ಶೆಟ್ರು ತೆಗೆಸಿದರು. ಅದರ ಹಿಂದೆ ಎರಡು ಸರ್ವಿಸ್: ನಂಬರ್ ಲೆಕ್ಕ ಇಡುವ 'ಟೋಕನ್', ಅದರ ಮೇಲೆ ನಿಂತ 'ಟೋಕನ್-ಟಿವಿ'. ಫೈಲ್ ಅಳಿಸಿದರೆ ಆಯಿತು ಅನ್ನಿಸುತ್ತದೆ ಅಲ್ವಾ? ಆಗುವುದಿಲ್ಲ. ಒಮ್ಮೆ ಲೋಡ್ ಆದ ಸರ್ವಿಸ್ ನಿಂತ ಮೇಲೂ ಡಿನಿಟ್‌ನ ನೆನಪಿನಲ್ಲಿ ಹಳೆಯ ವಿವರಣೆಯೊಂದಿಗೆ ಇರುತ್ತದೆ. ಫೈಲ್ ಡಿಸ್ಕಿನಿಂದ ಹೋಗಿದ್ದರೂ ಯಾರಾದರೂ ಹೆಸರು ಹೇಳಿ ಸ್ಟಾರ್ಟ್ ಕೊಟ್ಟರೆ ಅದು ಎದ್ದು ನಿಲ್ಲುತ್ತದೆ.

ಅದನ್ನು ಹೊರಗೆ ಹಾಕಲು 'ಅನ್‌ಲೋಡ್' ಕಮಾಂಡ್ ಇದೆ. ಅದಕ್ಕೆ ಎರಡು ಷರತ್ತು. ಸರ್ವಿಸ್ ನಿಂತಿರಬೇಕು. ಅದನ್ನು ನೆಚ್ಚಿಕೊಂಡ ಬೇರೆ ಸರ್ವಿಸ್ ಯಾವುದೂ ಲೋಡ್ ಆಗಿರಬಾರದು. ಗಮನಿಸಿ, ಲೋಡ್ ಆಗಿರಬಾರದು. ಓಡುತ್ತಿಲ್ಲ ಅಂದರೆ ಸಾಲದು. ಹಾಗಾಗಿ ಮೇಲಿನಿಂದ ಕೆಳಗೆ ಬರಬೇಕು. ಮೊದಲು 'ಡಿಸೇಬಲ್', ಇದರಿಂದ ಬೂಟ್ ಪಟ್ಟಿಯ (ಮಷಿನ್ ಆನ್ ಆದಾಗ ಏಳಬೇಕಾದವುಗಳ ಪಟ್ಟಿ) ಕೊಂಡಿ ತೆಗೆದುಹೋಗುತ್ತದೆ. ಯಾರಿಗೂ ಬೇಡವಾದರೆ ಸರ್ವಿಸ್ ಅಲ್ಲೇ ನಿಲ್ಲುತ್ತದೆ. ಆದರೆ ಮೊದಲು ಯಾರಾದರೂ ಅದನ್ನು ಕೈಯಿಂದ ಸ್ಟಾರ್ಟ್ ಮಾಡಿದ್ದರೆ ನಿಲ್ಲುವುದಿಲ್ಲ, ಆ ಚೌಕ ಬ್ರಾಕೆಟ್ ಇರುವುದು ಇದಕ್ಕೇ. ಆಗ 'ಸ್ಟಾಪ್' ಕೊಡಬೇಕು. ಆಮೇಲೆ ಟೋಕನ್-ಟಿವಿ ಅನ್‌ಲೋಡ್, ನಂತರ ಟೋಕನ್ ಅನ್‌ಲೋಡ್, ಕೊನೆಗೆ ಫೈಲ್‌ಗಳನ್ನು ಅಳಿಸುವುದು. ಲಿಸ್ಟ್ ಕೊಟ್ಟರೆ ಎರಡೂ ಹೆಸರು ಇಲ್ಲ. ಮನಸ್ಸಿಗೆ ಸಮಾಧಾನ.

ಸಿಸ್ಟಂ-ಡಿಯಲ್ಲಿ ಇಷ್ಟು ಮೆಟ್ಟಿಲಿಲ್ಲ. ನಿಂತ, ಯಾರಿಗೂ ಬೇಡದ ಯೂನಿಟ್‌ಗಳನ್ನು (ಸರ್ವಿಸ್‌ನಂಥವಕ್ಕೆ ಅಲ್ಲಿನ ಹೆಸರು) ಅದು ತಾನಾಗಿಯೇ ನೆನಪಿನಿಂದ ಗುಡಿಸಿ ಹಾಕುತ್ತದೆ. ಅಷ್ಟರ ಮಟ್ಟಿಗೆ ಅದು ಅನುಕೂಲ. ಆದರೆ ಓಡುತ್ತಿರುವಾಗಲೇ ಫೈಲ್ ಅಳಿಸಿ ಡೀಮನ್-ರೀಲೋಡ್ ಕೊಟ್ಟರೆ ಆ ಸರ್ವಿಸ್ 'ಫೈಲ್ ಸಿಗಲಿಲ್ಲ' ಅನ್ನುವ ಸ್ಥಿತಿಯಲ್ಲೇ ಓಡುತ್ತಿರುತ್ತದೆ. ಫೇಲ್ ಆಗಿ ಬಿದ್ದದ್ದು 'ರೀಸೆಟ್-ಫೇಲ್ಡ್' ಕೊಡುವವರೆಗೆ ಪಟ್ಟಿಯಲ್ಲಿ ಕೆಂಪಗೆ ಕಾಣುತ್ತಿರುತ್ತದೆ. ನನಗೆ ಡಿನಿಟ್‌ನ ದಾರಿಯೇ ಹಿಡಿಸಿತು. ಮೆಟ್ಟಿಲು ಜಾಸ್ತಿ, ಆದರೆ ಒಂದೊಂದು ಮೆಟ್ಟಿಲಲ್ಲೂ ಏನಾಯಿತು ಅಂತ ಗೊತ್ತಿರುತ್ತದೆ.

ಸಿಟ್ಟು ಬರಿಸುವ ಸಂಗತಿಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಅನ್‌ಲೋಡ್ ಆಗದಿದ್ದರೆ ಬರುವ ಸಂದೇಶ ಒಂದೇ ಸಾಲು: ಒಂದೋ ಸರ್ವಿಸ್ ನಿಂತಿಲ್ಲ, ಇಲ್ಲವೇ ಬೇರೆ ಯಾವುದೋ ಅದನ್ನು ನೆಚ್ಚಿಕೊಂಡಿದೆ. ಯಾವುದು ಅಂತ ಹೇಳಬಾರದೇ? ರೀಲೋಡ್ ಆಗದಿದ್ದರೂ ಇದೇ ಕಥೆ. ಸ್ಥಿತಿ ಸರಿಯಿಲ್ಲ, ಬದಲಾವಣೆ ಹೊಂದುವುದಿಲ್ಲ, ಫೈಲ್ ಕೆಟ್ಟಿದೆ, ಮೂರೂ ಕಾರಣ ಒಂದೇ ಸಾಲಿನಲ್ಲಿ. ಫೈಲ್ ಕೆಟ್ಟಿದೆಯೇ ಅಂತ ಡಿನಿಟ್‌ಚೆಕ್‌ನಿಂದ ತಿಳಿಯುತ್ತದೆ, ಉಳಿದದ್ದನ್ನು ನಾವೇ ಊಹಿಸಬೇಕು. ಗಿರಾಕಿಗಳು ತುಂಬಿರುವಾಗ ಊಹಿಸುತ್ತ ನಿಲ್ಲಲು ಆಗುತ್ತದೆಯೇ? ಆಶ್ಚರ್ಯ ಅಂದರೆ ಸ್ಟಾಪ್ ಕಮಾಂಡ್ ಇದನ್ನು ಚೆನ್ನಾಗಿ ಮಾಡುತ್ತದೆ. ಪೋಸ್ಟ್‌ಗ್ರೆಸ್ ನಿಲ್ಲಿಸಲು ಹೋದರೆ, ಬಿಲ್ ಇದನ್ನು ನೆಚ್ಚಿಕೊಂಡಿದೆ ಅಂತ ಹೆಸರು ಹೇಳಿ ತಡೆಯುತ್ತದೆ. ನೇರವಾಗಿ ನೆಚ್ಚಿಕೊಂಡದ್ದನ್ನು ಮಾತ್ರ ತೋರಿಸಿದ್ದೇನೆ, ಫೋರ್ಸ್ ಬಳಸುವ ಮೊದಲು ಹುಷಾರು ಅಂತಲೂ ಸೇರಿಸುತ್ತದೆ. ಇಷ್ಟು ಕಾಳಜಿ ಅಲ್ಲಿದ್ದ ಮೇಲೆ ಅನ್‌ಲೋಡ್‌ನಲ್ಲೂ ಇರಲಿ ಅನ್ನುವುದು ನನ್ನ ಬೇಡಿಕೆ.

ಆ ಫೋರ್ಸ್ ಬಗ್ಗೆ ಒಂದು ಮಾತು. ಸ್ಟಾಪ್ ಜೊತೆ ಕೊಟ್ಟರೆ ಮೇಲೆ ನಿಂತದ್ದೆಲ್ಲ ಬೀಳುತ್ತದೆ. ರೀಸ್ಟಾರ್ಟ್ ಜೊತೆ ಕೊಟ್ಟರೆ ಮೇಲಿನವೂ ನಿಂತು ಮತ್ತೆ ಏಳುತ್ತವೆ. ಡೇಟಾಬೇಸ್ ಅಪ್‌ಡೇಟ್ ಆದಾಗ ಈ ಎರಡನೆಯದು ಬಹಳ ಉಪಯೋಗ, ಮಧ್ಯಾಹ್ನ ಮೂರೂವರೆಯ ನಂತರ ಜನ ಕಡಿಮೆ ಇರುವಾಗ ಕೊಟ್ಟರೆ ಯಾರಿಗೂ ಗೊತ್ತಾಗದೆ ಕೆಲಸ ಮುಗಿಯುತ್ತದೆ.

ಸಿಸ್ಟಂ-ಡಿ ಅಭ್ಯಾಸ ಇದ್ದವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ 'ಸಿಸ್ಟಂಸಿಟಿಎಲ್ ರೀಲೋಡ್' ಅಂದರೆ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಂಥ ಪ್ರೋಗ್ರಾಂಗೆ ತನ್ನದೇ ಸೆಟ್ಟಿಂಗ್ ಮತ್ತೆ ಓದು ಅನ್ನುವುದು. ಡಿನಿಟ್‌ನಲ್ಲಿ ರೀಲೋಡ್ ಆ ಪ್ರೋಗ್ರಾಂನ ಹತ್ತಿರವೇ ಹೋಗುವುದಿಲ್ಲ. ಡಿನಿಟ್ ತನ್ನ ಸರ್ವಿಸ್ ಫೈಲನ್ನು ಮತ್ತೆ ಓದಿಕೊಳ್ಳುತ್ತದೆ, ಅಷ್ಟೇ. ಪ್ರೋಗ್ರಾಂಗೆ ಹೇಳಬೇಕಾದರೆ ಡಿನಿಟ್‌ಸಿಟಿಎಲ್‌ನ 'ಸಿಗ್ನಲ್' ಕಮಾಂಡ್‌ನಿಂದ ಹಪ್ ಸಿಗ್ನಲ್ (ಸೆಟ್ಟಿಂಗ್ ಮತ್ತೆ ಓದು ಅನ್ನುವ ಸೂಚನೆ) ಕಳಿಸಬೇಕು.

ಡಿನಿಟ್‌ನಲ್ಲಿ ಟೈಮರ್ ಇಲ್ಲ. ರಾತ್ರಿ ಬ್ಯಾಕಪ್‌ಗೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಬೇರೆಯಾಗಿ ಹಾಕಿಕೊಂಡಿದ್ದೇನೆ. ಎಲ್ಲ ಲಾಗ್‌ಗಳನ್ನೂ ಒಂದೇ ಕಡೆ ಇಡುವ ಸಿಸ್ಟಂ-ಡಿಯ ಜರ್ನಲ್ ಥರದ್ದೂ ಇಲ್ಲ. ಲಾಗ್ ಫೈಲಿಗೆ ಹೋಗುತ್ತದೆ, ಬೇಕಾದರೆ ನೆನಪಿನಲ್ಲಿ ಇಟ್ಟುಕೊಂಡು 'ಕ್ಯಾಟ್‌ಲಾಗ್' ಕೊಟ್ಟಾಗ ತೋರಿಸುತ್ತದೆ. ಹೋಟೆಲಿಗೆ ಇಷ್ಟು ಸಾಕು.

ರನಿಟ್ ಯಾಕೆ ಬೇಡ ಅಂತ ಸ್ನೇಹಿತರು ಕೇಳುತ್ತಾರೆ. ಅದೂ ಚೆನ್ನಾಗಿದೆ, ಇನ್ನೂ ಚಿಕ್ಕದು. ಅಲ್ಲಿ ಸರ್ವಿಸ್ ಫೋಲ್ಡರಿಗೆ ಒಂದು ಕೊಂಡಿ ಹಾಕಿದರೆ ಐದು ಸೆಕೆಂಡಿಗೊಮ್ಮೆ ನೋಡುವ ರನ್‌ಎಸ್‌ವಿಡಿಐಆರ್ ಅದನ್ನು ಎಬ್ಬಿಸುತ್ತದೆ, ಕೊಂಡಿ ತೆಗೆದರೆ ನಿಲ್ಲಿಸುತ್ತದೆ. ಆದರೆ ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಲೆಕ್ಕವೇ ಅದಕ್ಕಿಲ್ಲ. ಡೇಟಾಬೇಸಿನ ಕೊಂಡಿಗೆ ಕೈ ತಗುಲಿದರೆ ಕೇಳುವವರಿಲ್ಲ. ಎಸ್6 ಜೊತೆಗಿನ ಎಸ್6-ಆರ್‌ಸಿ ಅವಲಂಬನೆ ನೋಡುತ್ತದೆ, ತುಂಬಾ ಗಟ್ಟಿ ಕೆಲಸ. ಆದರೆ ಪ್ರತಿ ಬದಲಾವಣೆಗೂ ಇಡೀ ಪಟ್ಟಿಯನ್ನು ಕಂಪೈಲ್ ಮಾಡಿ, ಹಳೆಯದರಿಂದ ಹೊಸದಕ್ಕೆ ಅಪ್‌ಡೇಟ್ ಕೊಡಬೇಕು. ದೊಡ್ಡ ವ್ಯವಸ್ಥೆಗೆ ಅದು ಸರಿ. ಪ್ರಿಂಟರ್ ಬದಲಾಯಿಸಲು ಇಡೀ ಪಟ್ಟಿಗೆ ಕೈ ಹಾಕುವುದು ನನಗೆ ಬೇಡ.

ಇಂಥ ಮಷಿನ್ ನಿಮ್ಮದೇ ಆಗಿದ್ದು, ಅದರಲ್ಲಿ ಹತ್ತು-ಹದಿನೈದು ಸರ್ವಿಸ್ ಇದ್ದು, ನೀವೇ ಫೈಲ್ ಬರೆಯುವವರಾದರೆ ಡಿನಿಟ್ ಧೈರ್ಯವಾಗಿ ಹಾಕಿ. ಮ್ಯಾನುಯಲ್ ಪುಟಗಳು ಚೆನ್ನಾಗಿವೆ, ಒಂದು ಸಂಜೆ ಕೂತು ಓದಿದರೆ ಸಾಕು. ಆದರೆ ನಿಮ್ಮ ಬಿಲ್ಲಿಂಗ್ ಕಂಪನಿಯವರು ಡೆಬಿಯನ್ ಅಥವಾ ಉಬುಂಟುಗೆ ಮಾತ್ರ ಸಪೋರ್ಟ್ ಕೊಡುತ್ತೇವೆ ಅಂದರೆ ಅವರ ಜೊತೆ ಸುಮ್ನೆ ಜಗಳ ಮಾಡಬೇಡಿ, ಸಿಸ್ಟಂ-ಡಿಯಲ್ಲೇ ಇರಿ. ಚೆಂಬೂರಿನ ಒಂದು ಹೋಟೆಲಿನಲ್ಲಿ ಹಾಗೇ ಬಿಟ್ಟಿದ್ದೇನೆ. ಸಾಯನ್‌ನ ಮಷಿನ್ ಮುಂದಿನ ಸಲ ಡಿನಿಟ್‌ಗೆ ಬರುತ್ತದೆ. ಅಲ್ಲಿ ಕೆಓಟಿ ಪ್ರಿಂಟರ್ ಮೂರಿವೆ, ಬಿಲ್‌ನ ಸ್ಟಾಪ್-ಟೈಮ್‌ಔಟ್ ಸಾಲು ಈಗಲೇ ಬರೆದಿಟ್ಟಿದ್ದೇನೆ.